ಮೈಲವ್ವನ ಮಣ್ಣಿಗೆ

ಚಾಚಿ, ಕಾರ್ಡ್ ತಗೀರಿ, ಅನ್ನುತ್ತಿದ್ದಾರೆ ಯಾರೋ, ನನಗಲ್ಲ ಅಂದುಕೊಂಡು ಕಿಟಕಿಯ ಹೊರಗೇ ನೋಡುತ್ತಿದ್ದೇನೆ, ಗೋವಿನಜೋಳ ಕಿತ್ತ ಹೊಲದಲ್ಲಿ ಕುರಿ ಮೇಯುತ್ತಿವೆ, ಒಂದು ಕುರಿ ಕುಂಟುತ್ತಿದೆ, ಮುಂಗಾಲಿಗೆ ಮುಳ್ಳು ನೆಟ್ಟಿರಬೇಕು, ಕುರಿ ಕಾಯುವವನು ಅದನ್ನು ನೋಡಿದ ಹಾಗಿಲ್ಲ — ಚಾಚಿ, ನಿಮಗರೀ — ತಿರುಗಿದರೆ ಕಂಡಕ್ಟರ್, ಟಿಕೆಟ್ ಮಷಿನ್ನು ಎದೆಗೆ ಒತ್ತಿಕೊಂಡು ಬಗ್ಗಿ ನಿಂತಿದ್ದಾನೆ, ಚಾಚಿ ಅಂದದ್ದು ನನಗೇ, ಅಂದರೆ ಈ ಗಿಳಿಹಸಿರು ಸೀರೆಗೆ, ತಲೆಯ ಮೇಲೆ ಹೊದ್ದ ಸೆರಗಿಗೆ. ಹೆಂಗಸರು ಆಧಾರ್ ಕಾರ್ಡ್ ತೋರಿಸಿದರೆ ಸಾಕು ಈಗ, ಚೀಲ ತೆರೆದರೆ ಮೇಲೆಯೇ ಇದೆ ನನ್ನ ಬೂದುಬಣ್ಣದ ನಿಲುವಂಗಿ, ಅದರ ಮಡಿಕೆಯೊಳಗೆ ತಲೆವಸ್ತ್ರ, ಅವನಿಗೆ ಕಾಣದ ಹಾಗೆ ಚೀಲದ ಬಾಯಿ ಹಿಡಿದು ಕಾರ್ಡ್ ಎಳೆದು ಕೊಟ್ಟೆ, ಅವನು ಕಾರ್ಡ್ ನೋಡಿದ, ನನ್ನ ನೋಡಿದ, ಮತ್ತೆ ಕಾರ್ಡ್ ನೋಡಿದ, ಅದರಲ್ಲಿ ಬಿಳಿ ತಲೆವಸ್ತ್ರ ಕಟ್ಟಿದ ಸಿಸ್ಟರ್ ಲಿಡ್ವಿನ್ ಕಣ್ಣು ಅಗಲಿಸಿ ನೋಡುತ್ತಿದ್ದಾಳೆ, ಇವರು ನೀವಽ ಏನ್ರಿ, ಹೂಂ ಅಂದೆ, ಅಷ್ಟೇ, ಬೇರೆ ಏನು ಹೇಳಬೇಕಿತ್ತು, ಇಲ್ಲಪ್ಪ ನಾನಲ್ಲ ಅನ್ನಬೇಕಿತ್ತೇ, ಮುಂಜಾನೆ ಇವಳಾಗಿಯೇ ಐರಣಿಗೆ ಹೋದೆ, ಸಂಜೆ ಇವಳಲ್ಲದೆ ತಿರುಗಿ ಬರುತ್ತಿದ್ದೇನೆ ಅನ್ನಬೇಕಿತ್ತೇ. ಅವನು ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದ, ಅವನಿಗೆ ಏನು, ದಿನಾ ನೂರು ಮುಖ ನೋಡುತ್ತಾನೆ. ಸೀರೆ ಐರಣಿಯ ಚಮನಬಿಯದು. ಅತ್ತರಿನ ವಾಸನೆ, ಅಡಿಗೆಮನೆಯ ಹೊಗೆಯ ವಾಸನೆ, ನಡುವಿನಲ್ಲಿ ನಿಲ್ಲುತ್ತಿಲ್ಲ ನೆರಿಗೆ, ನಲವತ್ತೆರಡು ವರ್ಷ ಸೀರೆ ಉಟ್ಟವಳಲ್ಲ ನಾನು, ಗದಗಿನ ರೈಲ್ವೆ ಕ್ವಾರ್ಟರ್ಸಿನಿಂದ ಮಠಕ್ಕೆ ಸೇರಲು ಹೊರಟ ದಿನ ಅವ್ವ ಉಡಿಸಿದ್ದು ಕೊನೆಯದು, ಅವ್ವನೂ ಹೀಗೆಯೇ ಮೊಣಕಾಲೂರಿ ಕೂತು ನೆರಿಗೆ ಹಿಡಿದಿದ್ದಳು, ಇವತ್ತು ಚಮನಬಿ ಹಿಡಿದ ಹಾಗೆ.

ಬೆಳಿಗ್ಗೆ ಆರೂವರೆಗೆ ಪ್ರಾರ್ಥನೆಯ ಕೋಣೆಯಲ್ಲಿದ್ದೆವು, ನಾನು ಮತ್ತು ಸಿಸ್ಟರ್ ಸುಶಾಂತಿ, ರಾಣೆಬೆನ್ನೂರಿನ ಕಾನ್ವೆಂಟಿನಲ್ಲಿ ಈಗ ಇರುವುದು ಇಬ್ಬರೇ, ಒಂದು ಕಾಲಕ್ಕೆ ಒಂಬತ್ತು ಜನ ಇದ್ದೆವು, ಊಟದ ಮೇಜಿಗೆ ಇನ್ನೊಂದು ಬೆಂಚು ಹಾಕಿಸಬೇಕಾಗಿತ್ತು. ಸುಶಾಂತಿ ಝಾರ್ಖಂಡಿನವಳು, ಇಪ್ಪತ್ತೇಳು ವರ್ಷ, ಅವಳು ಒಂದು ಕೀರ್ತನೆ ಹಿಂದಿಯಲ್ಲಿ ಓದುತ್ತಾಳೆ, ನಾನು ಮುಂದಿನದನ್ನು ಕನ್ನಡದಲ್ಲಿ, ಒಬ್ಬರಿಗೊಬ್ಬರು ಕಾಯುತ್ತೇವೆ ಅಷ್ಟೇ, ಕೇಳಿಸಿಕೊಳ್ಳುವುದಿಲ್ಲ. ನಮ್ಮ ಕಡೆಯಿಂದ ಹುಡುಗಿಯರು ಬರುವುದು ನಿಂತು ಎಷ್ಟು ವರ್ಷವಾಯಿತು, ಮೇ ತಿಂಗಳಿಗೆ ಈ ಮನೆಯೂ ಮುಚ್ಚುತ್ತದೆ, ನಮ್ಮ ಸಂಸ್ಥೆಯ ಮುಖ್ಯಸ್ಥೆ ಪ್ರೊವಿನ್ಶಿಯಲ್ ಅವರ ಪತ್ರ ಬಂದಿದೆ, ಸುಶಾಂತಿ ರಾಂಚಿಗೆ, ನಾನು ಧಾರವಾಡದಲ್ಲಿ ವಯಸ್ಸಾದ ಸಿಸ್ಟರುಗಳ ಮನೆಗೆ, ಅರ್ಹವಾದ ವಿಶ್ರಾಂತಿ ಎಂದು ಬರೆದಿದ್ದಾರೆ, ಒಳ್ಳೆಯ ಅಕ್ಷರ. ಭಾನುವಾರದ ಬಲಿಪೂಜೆಗೆ ಹಾವೇರಿಯಿಂದ ಫಾದರ್ ವಲೇರಿಯನ್ ಬೈಕಿನಲ್ಲಿ ಬರುತ್ತಾರೆ, ಹೋದ ವಾರ ಹನ್ನೊಂದು ಜನ, ಅದರಲ್ಲಿ ನಾವಿಬ್ಬರು, ರೈಲ್ವೆಯವರು ವರ್ಗವಾಗಿ ಹುಬ್ಬಳ್ಳಿಗೆ ಹೋದರು, ನಾಲ್ಕು ಮನೆಯವರು ಹೊಸದಾಗಿ ಶುರುವಾದ ಪ್ರಾರ್ಥನಾ ಹಾಲಿಗೆ ಹೋಗುತ್ತಾರೆ, ಅಲ್ಲಿ ಗಿಟಾರ್ ಇದೆ, ಮೈಕ್ ಇದೆ, ಹೆಸರು ಕರೆದು ತಲೆಯ ಮೇಲೆ ಕೈಯಿಟ್ಟು ಅಳುತ್ತಾರಂತೆ, ನಾವೂ ಒಂದು ಕಾಲಕ್ಕೆ ಹೆಸರು ಕರೆಯುತ್ತಿದ್ದೆವು. ಕೀರ್ತನೆಯ ನಡುವೆ ಫೋನು ಬೆಂಚಿನ ಮೇಲೆ ನಡುಗಿತು, ಸುಶಾಂತಿ ಓದುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು, ಎತ್ತಿದೆ, ಚಮನಬಿ, ಅಕ್ಕಾರ, ಮೈಲಿ ಹೋದಳ್ರಿ, ಬೆಳಗಿನ ಜಾವ, ಚಾ ಕೊಡಾಕ ಹೋದ್ರ ತಣ್ಣಗ ಕುಂತಿದ್ಳು, ನೀವು ಲಗೂನ ಬರ್ರಿ. ಮೈಲಿ ಅಂದರೆ ಮೈಲವ್ವ. ಅವಳನ್ನು ಹಾಗೆ ಕರೆಯುವವಳು ಚಮನಬಿಯೊಬ್ಬಳೇ, ಗೋಡೆಗೆ ಗೋಡೆ ತಾಗಿದ ಮನೆ ಅವರವು, ಮೆಣಸಿನಕಾಯಿ ಸುಗ್ಗಿಯಲ್ಲಿ ಇಬ್ಬರೂ ಒಂದೇ ಟೆಂಪೋದಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ತೊಟ್ಟು ಬಿಡಿಸುತ್ತಿದ್ದರು, ಸಂಜೆ ಕೆಮ್ಮುತ್ತಾ ಬರುತ್ತಿದ್ದರು, ಆ ಕೆಮ್ಮು ಮೈಲವ್ವನಲ್ಲಿ ಉಳಿದುಬಿಟ್ಟಿತು. ಫೋನಿಟ್ಟು ಸುಶಾಂತಿಗೆ ಹೇಳಿದೆ, ಅವಳು ಶಿಲುಬೆಯ ಗುರುತು ಹಾಕಿಕೊಂಡು ಕೌನ್ ಅಂದಳು, ಯಾರು ಅಂತ ಹೇಗೆ ಹೇಳುವುದು ಇವಳಿಗೆ, ಐರಣಿಯಲ್ಲಿ ಉಳಿದಿದ್ದ ಕೊನೆಯವಳು, ಅಂದೆ.

ಕೊನೆಯವಳು ಮೊದಲನೆಯವಳೂ ಹೌದು. ತೊಂಬತ್ತಾರರಲ್ಲಿ ಪ್ರತಿ ಗುರುವಾರ ಐರಣಿಗೆ ದವಾಖಾನೆ ಒಯ್ಯುತ್ತಿದ್ದೆವು, ಜೀಪಿನಲ್ಲಿ ಒಂದು ಟ್ರಂಕು, ಒಂದು ಸ್ಟೋವು, ನನ್ನ ಜೊತೆ ಇನ್ನೊಬ್ಬ ಸಿಸ್ಟರ್, ಹೊಳೆಯ ಕಡೆಯ ಕೇರಿಯಲ್ಲಿ ಒಂದು ತಗಡಿನ ಕೋಣೆ ಸಿಕ್ಕಿತ್ತು, ಮೊದಲ ದಿನವೇ ಬಂದು ಕಸ ಹೊಡೆದವಳು ಮೈಲವ್ವ, ಯಾರೂ ಹೇಳಿರಲಿಲ್ಲ, ನನ್ನದೇ ವಯಸ್ಸು ಅವಳದೂ, ಗಂಡ ಸತ್ತಿರಲಿಲ್ಲ ಇನ್ನೂ, ಎರಡು ಮಕ್ಕಳು ಹೋಗಿ ಮೂರನೆಯದು ಬಗಲಲ್ಲಿತ್ತು, ದುರುಗೇಶ, ಮೂಗು ಸುರಿಸುತ್ತಾ. ನೀರು ಕುದಿಸುವುದು ಕಲಿತಳು, ಸಿರಿಂಜ್ ತೊಳೆಯುವುದು ಕಲಿತಳು, ಓದು ಬರದಿದ್ದರೂ ಚೀಟಿಯ ಬಣ್ಣ ನೋಡಿ ಯಾರದ್ದೆಂದು ಹೇಳುತ್ತಿದ್ದಳು. ಎರಡು ವರ್ಷದ ಮೇಲೆ, ಆಗ ಇದ್ದ ಹಳೆಯ ಫಾದರ್ ಹತ್ತಿರ ತಾನೇ ಹೋಗಿ ಜ್ಞಾನಸ್ನಾನ ಕೇಳಿದಳು, ಯಾಕೆ ಬೇಕು ಎಂದು ಅವರು ಮೂರು ಸಲ ಕೇಳಿದರು, ಮೂರನೆಯ ಸಲಕ್ಕೆ ಹೇಳಿದಳು, ಇಲ್ಲೆ ನನ್ನ ಹೆಸರ ಹಿಡದ ಕರದು ಕುರ್ಚಿ ಮ್ಯಾಲ ಕುಂದ್ರಸ್ತೀರ್ರಿ, ಅದಕ್ಕ. ಫಾದರ್ ನಕ್ಕರು, ನಾನೂ ನಕ್ಕೆ, ಅದು ದೇವಶಾಸ್ತ್ರದ ಉತ್ತರವಲ್ಲ ಅಂದುಕೊಂಡು, ಈಗ ಅನ್ನಿಸುತ್ತದೆ ನಮ್ಮಲ್ಲಿ ಯಾರ ಬಳಿಯೂ ಅದಕ್ಕಿಂತ ಒಳ್ಳೆಯ ಉತ್ತರ ಇರಲಿಲ್ಲ. ಅವಳ ಹಿಂದೆ ಹದಿನಾಲ್ಕು ಮನೆ ಬಂದವು, ಕ್ರಿಸ್‌ಮಸ್ಸಿಗೆ ಎರಡು ಟ್ರ್ಯಾಕ್ಟರ್ ತುಂಬ ಬರುತ್ತಿದ್ದರು ರಾಣೆಬೆನ್ನೂರಿಗೆ, ಹೆಂಗಸರು ಬಲಿಪೂಜೆಯ ನಡುವೆಯೇ ಜೋರಾಗಿ ಮಾತಾಡುತ್ತಿದ್ದರು, ನಮ್ಮ ಮದರ್ ಸುಪೀರಿಯರ್ ಸಿಟ್ಟಾಗುತ್ತಿದ್ದರು, ಆ ಸದ್ದು ಎಲ್ಲಿ ಹೋಯಿತು, ಯಾರೂ ಬರುವುದಿಲ್ಲ ಅಂತ ಹೇಳಿ ಹೋಗಲಿಲ್ಲ, ಜಗಳವಾಗಲಿಲ್ಲ, ಒಬ್ಬರ ಮಗಳ ಮದುವೆ ಗುತ್ತಲದ ಕಡೆ ಆಯಿತು ಅಲ್ಲಿಯವರಿಗೆ ಇದು ಸೇರುವುದಿಲ್ಲ, ಇನ್ನೊಬ್ಬರಿಗೆ ಹಾಸ್ಟೆಲ್ ಸೀಟು ಬೇಕಿತ್ತು, ಮತ್ತೊಬ್ಬರು ಮತಾಂತರದ ಕಾಯಿದೆ ಬಂದಮೇಲೆ ಹೆದರಿದರು, ಯಾರಾದರೂ ಬಂದು ಕೇಳಿದರೆ ಏನು ಹೇಳುವುದು ಎಂದು ಗೋಡೆಯ ಮೇಲಿನ ಪಟ ತೆಗೆದು ಅಕ್ಕಿಡಬ್ಬಿಯಲ್ಲಿಟ್ಟರು, ಆಮೇಲೆ ಅದು ಅಲ್ಲಿದೆಯೆಂದು ಮರೆತರು. ದವಾಖಾನೆಯೂ ನಿಂತಿತು, ಡಾಕ್ಟರಿಲ್ಲದೆ ನಡೆಸುವ ಹಾಗಿಲ್ಲ, ಸರಕಾರದ್ದೇ ಆಸ್ಪತ್ರೆ ಇದೆಯಲ್ಲ, ಸರಿಯೇ, ನಾವು ಬೇಡವಾದದ್ದು ಒಳ್ಳೆಯದೇ ಅಲ್ಲವೇ ಎಂದು ಸುಶಾಂತಿ ಕೇಳುತ್ತಾಳೆ, ಒಳ್ಳೆಯದೇ. ಮೈಲವ್ವ ಮಾತ್ರ ತಿಂಗಳ ಮೊದಲ ಭಾನುವಾರ ಬಸ್ಸಿನಲ್ಲಿ ಬರುತ್ತಿದ್ದಳು, ಹಿಂದಿನ ಬೆಂಚಿನಲ್ಲಿ ಕೂತು ಕೆಮ್ಮುತ್ತಿದ್ದಳು, ಇತ್ತೀಚೆಗೆ ಕುರ್ಚಿ ಬೇಕಾದಷ್ಟು ಖಾಲಿ ಇದ್ದವು, ಹೆಸರು ಹಿಡಿದು ಕರೆಯುವವರಿರಲಿಲ್ಲ.

ಬಸ್ಸು ನಿಂತಿದೆ, ಬೀಜದ ಕಂಪನಿಯ ಹೊಲದಲ್ಲಿ ಕೆಲಸ ಮುಗಿಸಿದ ಹೆಂಗಸರು ಹತ್ತುತ್ತಿದ್ದಾರೆ, ಒಬ್ಬಳು ನನ್ನ ಪಕ್ಕ ಕೂತು ತನ್ನ ಬುತ್ತಿಗಂಟನ್ನು ನನ್ನ ತೊಡೆಯ ಮೇಲೆಯೂ ಸ್ವಲ್ಪ ಚಾಚಿದಳು, ಸರೀರಿ ಅನ್ನಲಿಲ್ಲ, ನಿಲುವಂಗಿ ಹಾಕಿದ್ದರೆ ಎದ್ದು ನಿಂತು ಕುಂದ್ರಿ ಸಿಸ್ಟರ್ ಅನ್ನುತ್ತಿದ್ದಳು, ಇವತ್ತು ನಾನು ಅವಳಿಗೆ ಒಂದು ಸೀಟಿನ ಅರ್ಧ, ಅಷ್ಟೇ. ಬೆಳಿಗ್ಗೆ ಇಳಿದಾಗ ಐರಣಿಯ ಸ್ಟಾಪಿನಲ್ಲೇ ದುರುಗೇಶ ನಿಂತಿದ್ದ, ನನ್ನ ದಾರಿ ಕಾಯುತ್ತ ಅಂದುಕೊಂಡೆ, ಹೌದು ಕಾಯುತ್ತಲೇ ಇದ್ದ, ಕೇರಿಗೆ ಹೋಗಲು ಬಿಡದೆ ಹಿಂದಿನ ಸಂದಿಯಲ್ಲಿ ಚಮನಬಿಯ ಮನೆಗೆ ಕರೆದುಕೊಂಡು ಹೋದ. ಇಪ್ಪತ್ತೊಂಬತ್ತು ವರ್ಷ ಈಗ, ಮುಂದಲೆ ಬೋಳಾಗುತ್ತಿದೆ, ಸ್ತೋತ್ರ ಸಿಸ್ಟರ್ ಅನ್ನುತ್ತಿದ್ದವನು ಇವತ್ತು ನಮಸ್ಕಾರ್ರಿ ಅಂದ. ಚಮನಬಿ ಚಾಪೆ ಹಾಸಿ ಬಾಗಿಲು ಮುಂದಕ್ಕೆಳೆದಳು, ಅವನು ನಿಂತೇ ಹೇಳಿದ, ತಲೆ ತಗ್ಗಿಸಿ, ಸರಕಾರಿ ಹಾಸ್ಟೆಲ್ಲಿನ ವಾರ್ಡನ್ ಕೆಲಸಕ್ಕೆ ಹೆಸರು ಬಂದಿದೆ, ಆರು ವರ್ಷ ಓದಿದ್ದು, ವಯಸ್ಸಿನ ಲೆಕ್ಕದಲ್ಲಿ ಇದೇ ಕೊನೆಯ ಸಲ, ಪರಿಶಿಷ್ಟ ಜಾತಿ ಪ್ರಮಾಣಪತ್ರದ ಪರಿಶೀಲನೆ ಬಾಕಿ ಇದೆ, ಪಟ್ಟಿಯಲ್ಲಿ ಇವನ ಕೆಳಗಿದ್ದವನು ಯಾರೋ ಅರ್ಜಿ ಕೊಟ್ಟಿದ್ದಾನೆ, ತಾಯಿ ಚರ್ಚಿಗೆ ಹೋಗುತ್ತಾಳೆ, ಇವರು ಆ ಜಾತಿಯಲ್ಲಿ ಉಳಿದಿಲ್ಲ ಎಂದು, ಮೈಲವ್ವ ಹಿಂದಿನ ಬೆಂಚಿನಲ್ಲಿ ಕೂತ ಫೋಟೋ ಬೇರೆ ಅಂಟಿಸಿದ್ದಾನೆ. ಸೋಮವಾರ ಸಾಹೇಬ್ರು ಊರಿಗೆ ಬರ್ತಾರ ಸಿಸ್ಟರ್, ಓಣಿಯವರನ್ನ ಕೇಳ್ತಾರ, ನಿಮ್ಮ ಅವ್ವನ ಮಣ್ಣ ಹೆಂಗ ಮಾಡಿದ್ರಿ, ಮೊದಲ ಅದನ್ನಽ ಕೇಳ್ತಾರ. ಆಮೇಲೆ ಹೇಳಿದ, ಫಾದರ್‌ನ ಕರೀಬ್ಯಾಡ್ರಿ, ಈ ಅಂಗಿಯೊಳಗ ನೀವೂ ಬರಬ್ಯಾಡ್ರಿ, ನಿಮ್ಮನ್ನ ಬರಬ್ಯಾಡ ಅನ್ನೂ ಬಾಯಿ ನನಗಿಲ್ಲ, ಆದ್ರ ಈ ಅಂಗಿಯೊಳಗ ಬ್ಯಾಡ್ರಿ. ಅಳುತ್ತಿದ್ದ. ಅವನು ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಅವ್ವನ ಔಷಧಿಗೆ ತಿಂಗಳಿಗೆ ಎರಡು ಸಲ ದಾವಣಗೆರೆಗೆ ಕರೆದುಕೊಂಡು ಹೋಗುತ್ತಿದ್ದವನು ಅವನೇ, ಕೊನೆಯ ತಿಂಗಳು ಕೂತಲ್ಲೇ ಮುಂದಕ್ಕೆ ಬಾಗಿಸಿ ಬೆನ್ನು ಒರೆಸಿದವನು ಅವನೇ.

ಮತ್ತೆ ಅವನಿಗೆ ಏನು ಹೇಳಲಿ, ಶಾಲೆಗೆ ಸೇರಿಸುವ ದಿನ ಫಾರ್ಮು ತುಂಬಿದವಳು ನಾನೇ ಅಲ್ಲವೇ, ಎರಡು ಸಾವಿರದ ಒಂದು, ಜೂನ್, ಹೊರಗೆ ಮಳೆ ಬರುವ ಹಾಗಿತ್ತು, ಧರ್ಮ ಎಂಬ ಜಾಗದಲ್ಲಿ ಪೆನ್ನು ನಿಂತಿತು, ಕ್ರೈಸ್ತ ಎಂದು ಬರೆದರೆ ವಿದ್ಯಾರ್ಥಿವೇತನವಿಲ್ಲ, ಮುಂದೆ ಹಾಸ್ಟೆಲ್ ಇಲ್ಲ, ದೇವರಿಗೆ ಗೊತ್ತಿದೆಯಲ್ಲ ಎಂದುಕೊಂಡು ಹಿಂದೂ ಎಂದು ಬರೆದು ಅದರ ಮುಂದೆ ಅವರ ಜಾತಿ ಬರೆದೆ, ಮೈಲವ್ವ ಪಕ್ಕದಲ್ಲಿ ನಿಂತು ಕೇಳಿದಳು, ಏನ ಬರದ್ರಿ ಅಕ್ಕಾರ, ಏನಿಲ್ಲ, ಕಾಗದಕ್ಕಷ್ಟೇ, ಅಂದೆ. ಅವಳು ಹೆಬ್ಬೆಟ್ಟು ಒತ್ತಿದಳು, ಆ ಕಾಗದವೇ ಬೆಳೆದು ಇವತ್ತು ಬಾಗಿಲಲ್ಲಿ ನಿಂತಿದೆ. ಫಾದರ್ ವಲೇರಿಯನ್‌ಗೆ ಫೋನ್ ಮಾಡಿದೆ ಆದರೂ, ದುರುಗೇಶ ಕೇಳದ ಹಾಗೆ ಹಿತ್ತಿಲಿಗೆ ಹೋಗಿ, ಅವರು ಉಡುಪಿ ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಾರೆ, ಮನೆಯವರು ಬೇಡ ಅಂದಮೇಲೆ ನಾವು ಹೋಗುವ ಹಾಗಿಲ್ಲ ಸಿಸ್ಟರ್, ಈಗಿನ ಪರಿಸ್ಥಿತಿ ನಿಮಗೆ ಗೊತ್ತಿದೆ, ಭಾನುವಾರದ ಪೂಜೆ ಅವರ ಹೆಸರಿಗೇ ಇಡುತ್ತೇನೆ. ಹೆಸರು ಏನಂದಿರಿ ಎಂದು ಕೇಳಿದರು. ಮೈಲವ್ವ ಅಂದೆ, ಜ್ಞಾನಸ್ನಾನದ ಹೆಸರು ಎಂದರು, ಎಂದೂ ಅದರಿಂದ ಕರೆದಿರಲಿಲ್ಲವಾದ್ದರಿಂದ ನೆನಪಾಗಲು ಹೊತ್ತಾಯಿತು, ಮಾರ್ತಾ. ಮಾರ್ತಾ, ಎಂದು ಅವರು ಬರೆದುಕೊಂಡ ಸದ್ದು ಕೇಳಿಸಿತು. ಹೋದ ತಿಂಗಳು, ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ಮೊದಲು ನೋಡಲು ಹೋದಾಗ ಮೈಲವ್ವ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಒಂದೊಂದೇ ಶಬ್ದ ಎಳೆದು ಹೇಳಿದಳು, ನನ್ನ ಮಣ್ಣಿಗೆ ನೀವು ಬರಬೇಕ್ರಿ, ಮಣ್ಣ ಹಾಕೂಮುಂದ ನಮೋ ಮರಿಯ ಜಪ ಹೇಳ್ರಿ, ಜೋರಾಗಿ ಹೇಳ್ರಿ, ನನಗ ಕಿವಿ ಸ್ವಲ್ಪ ಕಡಿಮಿ ಐತಿ. ನಗುತ್ತಿದ್ದಳು. ಆಗಲಿ ಅಂದೆ. ಎಷ್ಟು ಸುಲಭವಾಗಿ ಅಂದೆ, ನಲವತ್ತೆರಡು ವರ್ಷ ಇಂಥ ಎಷ್ಟೋ ಆಗಲಿಗಳನ್ನು ಅಂದಿದ್ದೇನೆ, ಬಡತನ, ಬ್ರಹ್ಮಚರ್ಯ, ವಿಧೇಯತೆ, ಎಲ್ಲದಕ್ಕೂ ಆಗಲಿ, ಅವನ್ನೆಲ್ಲ ಹಿಡಿದಿಟ್ಟುಕೊಂಡೆ, ಈ ಒಂದು ಸಣ್ಣದು.

ಬಸ್ಸಿನಲ್ಲಿ ಯಾರದೋ ಫೋನಿನಲ್ಲಿ ಹಾಡು ಬರುತ್ತಿದೆ, ಪಕ್ಕದವಳು ನಿದ್ದೆ ಹೋಗಿ ನನ್ನ ಭುಜಕ್ಕೆ ಒರಗಿದ್ದಾಳೆ, ಬೆವರಿನ ಬಿಸಿ, ಒರಗಲಿ. ಚಮನಬಿ ಟ್ರಂಕಿನಿಂದ ಈ ಸೀರೆ ತೆಗೆದಳು, ಈದಿಗೆ ತಂದದ್ದು, ಒಂದೇ ಸಲ ಉಟ್ಟದ್ದು, ನಿಲುವಂಗಿ ಬಿಚ್ಚುವಾಗ ಗೋಡೆಗೆ ಮುಖ ಮಾಡಿ ನಿಂತಳು, ತಿರುಗಿದಾಗ ನನ್ನ ತಲೆ ನೋಡಿದಳು, ಆ ನರೆತ ತುಂಡುಗೂದಲು ಅವಳು ಯಾವತ್ತೂ ಕಂಡಿರಲಿಲ್ಲ, ಸೆರಗು ಎಳೆದು ತಲೆ ಮುಚ್ಚಿದಳು, ನಡೀರಿ ಅಕ್ಕಾರ, ಯಾರರ ಕೇಳಿದ್ರ ನಾ ಹೇಳ್ತೇನಿ. ಅಂಗಳದಲ್ಲಿ ಹೆಂಗಸರು ಕೂತಿದ್ದರು, ಒಬ್ಬಳು ಹಾಡಿಕೊಂಡು ಅಳುತ್ತಿದ್ದಳು, ಮೈಲವ್ವನನ್ನು ಜಗಲಿಯ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು, ಹಣೆಗೆ ವಿಭೂತಿ, ಅದರ ಮೇಲೆ ಹಳದಿ ಭಂಡಾರ, ಚೆನ್ನಾಗಿ ಕಾಣುತ್ತಿದ್ದಳು, ಉಸಿರಿಗಾಗಿ ಹೋರಾಡದ ಅವಳ ಮುಖ ನೋಡಿ ವರ್ಷವಾಗಿತ್ತು. ಒಬ್ಬ ಮುದುಕಿ ನನ್ನ ಸೆರಗು ಜಗ್ಗಿ ಯಾರವ್ವಾ ನೀ ಎಂದಳು, ಚಮನಬಿ ಹೇಳುವ ಮೊದಲೇ ನಾನೇ ಹೇಳಿದೆ, ಪರಿಚಯದಾಕಿ, ಬ್ಯಾಡಗಿಯೊಳಗ ಕೂಡಿ ಕೆಲಸ ಮಾಡತಿದ್ವಿ. ಬಾಯಿಂದ ತಾನಾಗಿ ಬಂತು, ಎಷ್ಟು ಸಲೀಸಾಗಿ. ಆಗಲೇ ಒಳಗಿನಿಂದ ಮಾಲತೇಶಪ್ಪ ಬಂದ, ದುರುಗೇಶನ ಕಾಕಾ, ಕೇರಿಯಲ್ಲಿ ಸಾವು ಮದುವೆ ಎಲ್ಲಕ್ಕೂ ಅವನೇ ಮುಂದೆ, ಅಣ್ಣನ ಮಗನ ಕಿವಿಯಲ್ಲಿ ಏನೋ ಹೇಳಿದ, ದುರುಗೇಶ ಅವ್ವನ ಸೆರಗು ಸರಿಸಿ ಅದರಡಿ ಏನೋ ಮಾಡಲು ನೋಡಿದ, ಮಾಡಲಾರದೆ ಎದ್ದ, ನನ್ನ ಕಡೆ ಬಂದ, ಬರುತ್ತಿರುವುದು ನನ್ನ ಕಡೆಗೇ ಎಂದು ಗೊತ್ತಾಗಿ ಅಲ್ಲಿಂದ ಏಳಬೇಕು ಅನ್ನಿಸಿತು. ಜಪಸರ. ಬಲಗೈಯ ಮುಷ್ಟಿಯಲ್ಲಿ ಜಪಸರ ಹಿಡಿದೇ ಸತ್ತಿದ್ದಾಳೆ, ಬೆಳಿಗ್ಗೆ ಕೂರಿಸಿದಾಗ ಯಾರೂ ನೋಡಿಲ್ಲ, ಈಗ ಮುಷ್ಟಿ ಕಲ್ಲಾಗಿದೆ, ಮೈ ತೊಳೆಯಲು ಒಳಗೆ ಒಯ್ಯುತ್ತಾರೆ, ಆಮೇಲೆ ಎಲ್ಲರ ಮುಂದೆ ತರುತ್ತಾರೆ. ನನ್ನ ಕೈಲಿ ಆಗವಲ್ದು ಸಿಸ್ಟರ್, ಎಂದ, ದನಿಯಿಲ್ಲದೆ, ನೀವು ನರ್ಸ ಇದ್ದೀರಿ, ನಿಮಗ ಗೊತ್ತಿರತೈತಿ, ಬಳ್ಳ ಮುರೀಬಾರದು.

ಬೆರಳು ಮುರಿಯಬಾರದು. ಹೌದು, ನನಗೆ ಗೊತ್ತಿದೆ, ನಲವತ್ತು ವರ್ಷದ ಕೆಲಸ, ಮೈ ಬಿಗಿದ ಮೇಲೆ ಒತ್ತಾಯ ಮಾಡಬಾರದು, ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಬೇಕು, ಕಿರುಬೆರಳಿನಿಂದ ಶುರುಮಾಡಿ ಬುಡದ ಗೆಣ್ಣು ಮೊದಲು ತಿಕ್ಕಬೇಕು, ಆಮೇಲೆ ನಡುವಿನದು, ಹೆಬ್ಬೆರಳು ಕೊನೆಗೆ. ಒಲ್ಲೆ ಅನ್ನಬಹುದಿತ್ತು. ಇಲ್ಲ ದುರುಗೇಶ, ಇದು ಅವಳದ್ದು, ಅವಳ ಜೊತೆ ಹೋಗಲಿ, ಸೆರಗಿನಡಿ ಯಾರು ನೋಡುತ್ತಾರೆ, ಅನ್ನಬಹುದಿತ್ತು, ನೋಡುತ್ತಾರೆ, ಕುಣಿಯೊಳಗೆ ಇಡುವಾಗ ಕೈಕಾಲು ಸರಿಮಾಡುತ್ತಾರೆ, ಆದರೂ ಅನ್ನಬಹುದಿತ್ತು. ಒಳಕೋಣೆಯಲ್ಲಿ ನಾನು, ಚಮನಬಿ, ಬಾಗಿಲಾಚೆ ಬೆನ್ನು ಮಾಡಿ ನಿಂತ ದುರುಗೇಶ, ಒಲೆಯ ಮೇಲಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಸುತ್ತಿದೆ, ಚಮನಬಿ ಮೊಣಕೈ ಹಿಡಿದುಕೊಂಡಳು, ನಾನು ಕಿರುಬೆರಳು ತಿಕ್ಕುತ್ತಿದ್ದೇನೆ, ನಮೋ ಮರಿಯ ಮನಸ್ಸಿನಲ್ಲೇ ಹೇಳೋಣ ಅಂದುಕೊಂಡೆ, ಮೊದಲ ಎರಡು ಶಬ್ದದಾಚೆ ಏನೂ ಬರಲಿಲ್ಲ, ದಿನಕ್ಕೆ ಐವತ್ತು ಸಲದಂತೆ ಇಷ್ಟು ವರ್ಷ ಹೇಳಿದ್ದು, ಒಣಗಿದ ಬಾವಿಗೆ ಕೊಡ ಬಿಟ್ಟ ಹಾಗೆ, ಕಿರುಬೆರಳು ಬಿಟ್ಟಿತು, ಉಂಗುರದ ಬೆರಳು ಬಿಡಲಿಲ್ಲ, ಮಣಿಗಳು ಒಳಗೆ ಚರ್ಮಕ್ಕೆ ಅಂಟಿದ್ದವು, ಸ್ವಲ್ಪ ಜೋರು ಮಾಡಿದೆ, ಆಗ ಚಮನಬಿ ಹೇಳಿದಳು, ಮೆಲ್ಲಗೆ, ಆಕಿ ಬ್ಯಾಡ ಅನ್ನಾಕತ್ತಾಳ್ರಿ ಅಕ್ಕಾರ, ಬಿಟ್ಟಬಿಡ್ರಿ. ನಾನು ಬಿಡಲಿಲ್ಲ. ಜಪಸರ ಹಿಡಿಯುವ ಧರ್ಮದ ನಾನು ಆಡಬೇಕಿದ್ದ ಮಾತು ಅವಳ ಬಾಯಿಂದ ಬಂತು, ಅದನ್ನು ಕೇಳಿಸಿಕೊಂಡೂ ನಾನು ಬಿಡಲಿಲ್ಲ, ಬಾಗಿಲಲ್ಲಿ ಆ ಹುಡುಗನ ಬೆನ್ನು ಕಾಣುತ್ತಿತ್ತು, ಅವನ ಫಾರ್ಮು ತುಂಬಿದವಳು ನಾನು, ಅದನ್ನು ಮುಗಿಸಬೇಕಾದವಳೂ ನಾನೇ ಅನ್ನಿಸಿತು, ಅಥವಾ ಏನೂ ಅನ್ನಿಸಲಿಲ್ಲ, ಹೇಳಿದ್ದನ್ನು ಮಾಡಿ ಅಭ್ಯಾಸ, ವಿಧೇಯತೆ, ನಡುಬೆರಳು, ತೋರುಬೆರಳು, ಹೆಬ್ಬೆರಳು. ಜಪಸರ ಎಳೆದಾಗ ಒಂದು ಮಣಿ ಸ್ವಲ್ಪ ತಡೆದು ಬಂತು. ಬೆರಳು ಒಂದೂ ಮುರಿಯಲಿಲ್ಲ. ಚಮನಬಿ ಮೊಣಕೈ ಬಿಟ್ಟು ಎದ್ದು ಒಲೆಯ ಮುಂದೆ ಹೋಗಿ ನಿಂತಳು, ಆಮೇಲೆ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ, ಬಸ್ಸಿಗೆ ಬರುವಾಗ ನಿಲುವಂಗಿಯ ಚೀಲ ತಂದು ಪಕ್ಕದಲ್ಲಿಟ್ಟಳು, ಅಷ್ಟೇ, ಸೀರೆ ತಿರುಗಿ ಕೊಡಬೇಡ ಎಂದೂ ಹೇಳಲಿಲ್ಲ, ಕೊಡು ಎಂದೂ ಹೇಳಲಿಲ್ಲ.

ರಾಣೆಬೆನ್ನೂರಿನ ಮಿಲ್ಲುಗಳು ಕಾಣುತ್ತಿವೆ, ಇನ್ನು ಹತ್ತು ನಿಮಿಷ, ಸುಶಾಂತಿ ಬಾಗಿಲು ತೆರೆದು ಈ ಸೀರೆ ನೋಡುತ್ತಾಳೆ, ಕ್ಯಾ ಹುವಾ ಅನ್ನುತ್ತಾಳೆ, ಜಪಸರ ಎಲ್ಲಿಡಲಿ, ಮೇ ತಿಂಗಳಲ್ಲಿ ಧಾರವಾಡಕ್ಕೆ ಒಯ್ಯುವ ಟ್ರಂಕಿನಲ್ಲೋ, ಬೇಡ, ಯೋಚಿಸಬಾರದು ಈಗ, ಒಂದು ವಿಷಯ ಮಾತ್ರ ನರ್ಸಿಗೆ ಗೊತ್ತಿರುತ್ತದೆ, ಬಾಕಿಯವರಿಗೆ ಗೊತ್ತಿರುವುದಿಲ್ಲ, ಬಿಗಿದ ಬೆರಳನ್ನು ಒಂದು ಸಲ ಬಿಡಿಸಿದರೆ ಆ ಬಿಗಿ ಮತ್ತೆ ಬರುವುದಿಲ್ಲ. ಹೊಳೆಯ ದಂಡೆಯ ಹೊಲದಲ್ಲಿ ಕುಣಿ ತೋಡಿದ್ದರು, ಕೂತಂತೆಯೇ ಇಳಿಸಿದರು, ಎಡಗೈ ಮುಚ್ಚಿಯೇ ಇತ್ತು, ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು, ಬೆರಳು ಬಿಚ್ಚಿ, ಏನೋ ಕೊಡು ಎಂದು ಚಾಚಿದ ಹಾಗೆ. ಮಾಲತೇಶಪ್ಪ ಬಗ್ಗಿ ಆ ಬೆರಳು ಮಡಚಿದ, ಬಿಟ್ಟ ಕೂಡಲೇ ತೆರೆದುಕೊಂಡವು, ಮತ್ತೆ ಮಡಚಿ ಸೆರಗು ಹೊದಿಸಿದ, ಸೆರಗು ಜಾರಿತು, ಇರಲಿ ಬಿಡು ಎಂದ, ಹಿಂಗಽ ಇರಲಿ, ಕಾಣಲಿ, ಮತ್ತೆ ಯಾರಿಗೋ ಹೇಳಿದ, ಫೋಟೋ ಹೊಡಿ, ಬರಿ ಕೈ ಬರೂಹಂಗ ಹೊಡಿ, ಸಾಹೇಬ್ರಿಗೆ ತೋರಸಾಕ ಬೇಕು. ಎರಡು ಮೂರು ಫೋನು ಮೇಲೆದ್ದವು. ಭಂಡಾರ ತೂರಿದರು, ಉಪ್ಪು ಹಾಕಿದರು, ದುರುಗೇಶ ಮೊದಲ ಮಣ್ಣು ಹಾಕಿದ, ಮಣ್ಣ ಹಾಕೂಮುಂದ, ಜೋರಾಗಿ, ನನಗ ಕಿವಿ ಕಡಿಮಿ ಐತಿ — ನಾನು ಹೆಂಗಸರ ಹಿಂದೆ ನಿಂತಿದ್ದೆ, ಬಾಯಿ ತೆರೆದೆ, ಮುದುಕಿ ನನ್ನನ್ನೇ ನೋಡುತ್ತಿದ್ದಳು, ಬಾಯಿ ಮುಚ್ಚಿದೆ, ಸಾಲಿನಲ್ಲಿ ನನ್ನ ಸರದಿ ಬಂತು, ಒಂದು ಹಿಡಿ ಮಣ್ಣು ತೆಗೆದುಕೊಂಡು ಕುಣಿಯ ಅಂಚಿಗೆ ಹೋಗಿ ಬಗ್ಗಿದೆ, ಆ ಅಂಗೈ ನನ್ನ ಕಡೆಗೇ ತಿರುಗಿತ್ತು, ಮಣಿಗಳು ಒತ್ತಿದ ಗುರುತು ಇನ್ನೂ ಅದರಲ್ಲಿ, ಸಾಲಾಗಿ, ಸಣ್ಣ ಸಣ್ಣ ಕುಳಿ, ಫೋಟೋದಲ್ಲಿ ಅವು ಕಾಣುವುದಿಲ್ಲ, ಸಾಹೇಬರಿಗೆ ಕಾಣುವುದಿಲ್ಲ, ನಾನು ಮಣ್ಣು ಬಿಟ್ಟೆ, ನೇರ ಅದರೊಳಗೇ ಬಿತ್ತು, ಅಂಗೈಯೊಳಗೆ, ಅದು ಮುಚ್ಚಲಿಲ್ಲ — ಬಸ್ಸು ನಿಂತಿತೇನೋ, ಪಕ್ಕದವಳು ಎಚ್ಚರವಾಗಿ ಏಳುತ್ತಿದ್ದಾಳೆ, ಇಳೀರಿ ಚಾಚಿ, ಸ್ಟ್ಯಾಂಡ್ ಬಂತು — ಮಣ್ಣು ಬಿತ್ತು, ಅದು ಮುಚ್ಚಲಿಲ್ಲ, ಆ ಅಂಗೈ, ನಾನು ಬಿಡಿಸಿದ ಆ ಅಂಗೈ, ತೆರೆದೇ ಇದೆ, ಮಣ್ಣಿನ ಕೆಳಗೆ ಈಗಲೂ ತೆರೆದೇ ಇದೆ, ಅಂಗೈ